ಹೇಳಿ ಹೋದವರಿಗಾಗಿ ನಿಲ್ಲುವ ಬಸ್ಸು

ನಮ್ಮೂರು ಕ್ವೆಹಂಗಾದಿಂದ ಟಾಂಗಾ ಪಟ್ಟಣಕ್ಕೆ ಹೋಗಬೇಕೆನ್ನುವವರು ಹಿಂದಿನ ದಿನ ಸಂಜೆಯೇ ಅಥುಮಾನಿ ಶೆಚಾಂಬೊ ಅವರ ಅಂಗಳಕ್ಕೆ ಬಂದು ಹೇಳಿ ಹೋಗುತ್ತಿದ್ದರು. "ನಾಳೆ ನಾನೂ ಬರ್ತೀನಿ" ಎಂದರೆ ಸಾಕು. ಚೀಟಿ ಇಲ್ಲ, ಸೀಟಿನ ನಂಬರ್ ಇಲ್ಲ. ಹಾಗೆ ಹೇಳಿ ಹೋದವರು ಬರುವ ತನಕ ಮರುದಿನ ಬಸ್ಸು ಅಲುಗುತ್ತಿರಲಿಲ್ಲ. ಹೇಳದೆ ಬಂದವರು ಮಾತ್ರ ಮೊದಲ ತಿರುವಿನವರೆಗೂ ಓಡಿ ಹತ್ತಬೇಕಾಗುತ್ತಿತ್ತು.

ಉಸಾಂಬಾರಾ ಬೆಟ್ಟಗಳ ನೆತ್ತಿಯಲ್ಲಿರುವ ನಮ್ಮ ಊರಿಗೆ ಇದ್ದದ್ದು ಅದೊಂದೇ ಬಸ್ಸು, ಅದಕ್ಕಿದ್ದದ್ದು ಅವರೊಬ್ಬರೇ ಡ್ರೈವರ್. ಕುಳ್ಳಗಿನ ಆಳು, ಅಗಲವಾದ ಭುಜ, ಕಸೂತಿ ಟೋಪಿ. ನಸುಕಿನ ನಮಾಜು ಮುಗಿಸಿ ಬಂದು, ಸ್ಟೀರಿಂಗ್ ಮುಂದೆ ಕುಳಿತು, ಬೇಯಿಸಿದ ಮರಗೆಣಸನ್ನು ಶುಂಠಿ ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾ ಕನ್ನಡಿಯಲ್ಲಿ ದಾರಿ ನೋಡುತ್ತಿದ್ದರು. ತಡವಾಗಿ ಬಂದವರಿಗೆ ಹಾರ್ನಿನ ಬೈಗುಳ ಇರಲಿಲ್ಲ, ಬಾಯಿಯ ಬೈಗುಳ ಇತ್ತು.

"ಜುಹುರಾ ಅಮ್ಮ, ಮುಖ ತೊಳಿಯೋಕೆ ಪಂಗಾನಿ ಹೊಳೆಗೇ ಹೋಗಿದ್ಯಾ?"

"ಕೋಳಿ ಕೈಗೆ ಸಿಗ್ಲಿಲ್ಲ ಅಣ್ಣ. ಇವತ್ತು ಸಂತೆಗೆ ಹೊತ್ಕೊಂಡು ಹೋಗ್ತಾರೆ ಅಂತ ಅದಕ್ಕೆ ಹೇಗೋ ಗೊತ್ತಾಗ್ಬಿಟ್ಟಿದೆ."

"ಕೋಳಿಗಿರೋ ಹೊತ್ತಿನ ಅಂದಾಜು ನಿನಗಿಲ್ವಲ್ಲ. ಹತ್ತು, ಹತ್ತು."

ಒಳಗೆ ಕುಳಿತವರು ಯಾರೂ ಗೊಣಗುತ್ತಿರಲಿಲ್ಲ. ಇವತ್ತು ಅವಳಿಗಾಗಿ ನಾವು ಕಾದರೆ ನಾಳೆ ನಮಗಾಗಿ ಅವಳು ಕಾಯುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಎದುರು ಸೀಟಿನವರ ಮನೆಯ ಹಸು ಕರು ಹಾಕಿತೋ ಇಲ್ಲವೋ ವಿಚಾರಿಸಿ ಆಗುತ್ತಿತ್ತು.

ಇದನ್ನು ಕೇಳಿ ಅಥುಮಾನಿ ಅವರಿಗೆ ಗಡಿಯಾರದ ಗಂಧವೇ ಇರಲಿಲ್ಲ ಎಂದುಕೊಳ್ಳಬೇಡಿ. ಹರೆಯದಲ್ಲಿ ಅವರು ಬೆಟ್ಟದ ಕೆಳಗೆ ಕೊರೊಗ್ವೆ ಕಡೆ ಒಂದು ಕತ್ತಾಳೆ ತೋಟದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಎಲ್ಲವೂ ಸೈರನ್ನಿನ ಲೆಕ್ಕ. ಸೈರನ್ ಕೂಗಿದಾಗ ಗೇಟಿನ ಒಳಗಿದ್ದವನಿಗೆ ಕೆಲಸ, ಹೊರಗಿದ್ದವನಿಗೆ ಮನೆ ದಾರಿ. ಆ ತೋಟದಲ್ಲಿದ್ದಷ್ಟು ಕಾಲವೂ ಅವರು ಒಂದು ದಿನವೂ ಗೇಟಿನ ಹೊರಗೆ ಉಳಿದವರಲ್ಲ. ಮೇಸ್ತ್ರಿ ಉಳಿದವರಿಗೆ ಅವರನ್ನೇ ತೋರಿಸಿ, "ನೋಡ್ರೋ, ಬೆಟ್ಟದಿಂದ ಇಳಿದು ಬಂದವನು ಇವನು. ಬಯಲಲ್ಲಿ ಹುಟ್ಟಿದ ನಿಮಗೇನು ರೋಗ?" ಎಂದು ಮೂದಲಿಸುತ್ತಿದ್ದನಂತೆ.

ಅದೇ ಅಥುಮಾನಿ ತಮ್ಮ ಮದುವೆಗೇ ಎರಡು ದಿನ ತಡವಾಗಿ ಹೋದರು.

ಹುಡುಗಿಯ ಹೆಸರು ಮಸಿಕಾ. ದೊಡ್ಡ ಮಳೆಗಾಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಆ ಮಳೆಗಾಲದ ಹೆಸರನ್ನೇ ಇಡುವುದುಂಟು. ಮದುವೆಯೂ ಅದೇ ಕಾಲಕ್ಕೆ ಬಂತು. ತೋಟದವರು ಕೊಟ್ಟ ನಾಲ್ಕು ದಿನದ ರಜೆ ಹಿಡಿದುಕೊಂಡು ಹೊರಟರೆ ದಾರಿಯ ಹೊಳೆ ಸೇತುವೆಯನ್ನೇ ನುಂಗಿ ಕುಳಿತಿತ್ತು. ಮದುಮಗ ಹೊಸ ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊಳೆಯ ದಡದಲ್ಲಿ, ಯಾರದೋ ಗುಡಿಸಲಿನಲ್ಲಿ, ಎರಡು ದಿನ ಬೇಯಿಸಿದ ಜೋಳದ ತೆನೆ ತಿಂದುಕೊಂಡು ಕೂತರು. ನೀರಿಳಿದ ಮೇಲೆ ಬೆಟ್ಟ ಹತ್ತಿ, ಮೊಣಕಾಲುದ್ದ ಕೆಸರಿನಲ್ಲಿ, ಕತ್ತು ಬಗ್ಗಿಸಿಕೊಂಡು ಮಾವನ ಮನೆಯ ಅಂಗಳಕ್ಕೆ ಬಂದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರಂತೆ. ಒಂದೂ ಬೇಕಾಗಲಿಲ್ಲ. ಮೊದಲು ಮಾಡಿದ ಪಲಾವನ್ನು ನೆಂಟರೆಲ್ಲ ಉಂಡು ಮುಗಿಸಿದ್ದರು. ಎರಡನೆಯ ಸಲಕ್ಕೆ ಅಕ್ಕಿ ತೊಳೆಯುತ್ತಿದ್ದರು. ಯಾರೂ ಊರಿಗೆ ಹೋಗಿರಲಿಲ್ಲ. ಮಾವ ಹೊರಗೆ ಬಂದು ಅಳಿಯನ ಕಾಲು ನೋಡಿ, "ಬಿಸಿನೀರು ತನ್ರಿ, ಮದುವೆ ದಿನ ಬಂದಿದೆ" ಎಂದರು. ಅಷ್ಟೇ.

ಮದುವೆ ಮುಗಿಸಿ ತೋಟಕ್ಕೆ ಮರಳಿದಾಗ ಅಲ್ಲಿ ಅವರ ಕತ್ತಿ ಬೇರೆಯವನ ಕೈಯಲ್ಲಿತ್ತು. ಅಥುಮಾನಿ ಜಗಳ ತೆಗೆಯಲಿಲ್ಲ. ತೋಟದವರ ಲೆಕ್ಕವೂ ತಪ್ಪಲ್ಲ, ಕತ್ತಾಳೆಯ ನಾರು ಬಿಡಿಸುವ ಯಂತ್ರಕ್ಕೆ ಹೊಳೆ ಉಕ್ಕಿದ್ದು ಹೇಗೆ ಗೊತ್ತಾಗಬೇಕು ಎಂದು ಈಗಲೂ ಹೇಳುತ್ತಾರೆ. ಆದರೆ ಕೆಲಸ ಕಳೆದುಕೊಂಡು ಬೆಟ್ಟ ಹತ್ತಿ ಬರುವಾಗ ಅವರಿಗೆ ದುಃಖವಾಗಲಿಲ್ಲವಂತೆ. "ಒಂದು ಕಡೆ ನಾನು ಬರೋ ತನಕ ಅಕ್ಕಿ ತೊಳೀತಾ ಕೂತಿದ್ರು, ಇನ್ನೊಂದು ಕಡೆ ನಾನು ಬರೋದ್ರೊಳಗೆ ಕತ್ತಿ ಕೊಟ್ಟುಬಿಟ್ಟಿದ್ರು. ನನಗೆ ಅಕ್ಕಿ ತೊಳಿಯೋರ ಜೊತೆ ಇರೋಣ ಅನ್ನಿಸ್ತು" ಎನ್ನುತ್ತಿದ್ದರು.

ಆ ದಿನಗಳಲ್ಲಿ ಊರಿನ ಬಸ್ಸು ಬಿ ಕಿದಾವಾ ಎಂಬ ವಿಧವೆಯದಾಗಿತ್ತು; ಹಿರಿಯ ಹೆಂಗಸರ ಹೆಸರಿನ ಮುಂದೆ ಗೌರವಕ್ಕೆ 'ಬಿ' ಸೇರಿಸುವುದು ನಮ್ಮ ರೂಢಿ. ಗಂಡ ಬಿಟ್ಟುಹೋದ ಹಳೆಯ ಲಾರಿಯನ್ನು ಮಾರಿ ಬಸ್ಸು ಕೊಂಡಿದ್ದ ಗಟ್ಟಿ ಹೆಂಗಸು. ಅಥುಮಾನಿ ಆಕೆಯ ಬಳಿ ಸಾಮಾನು ಹತ್ತಿಸುವ ಕೆಲಸಕ್ಕೆ ಸೇರಿ, ಆಮೇಲೆ ಟಿಕೆಟ್ ಕೂಗಿ, ಕೊನೆಗೆ ಸ್ಟೀರಿಂಗ್ ಹಿಡಿದರು. ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಬಿ ಕಿದಾವಾ ಒಮ್ಮೆಯೂ ಹೇಳಿದವರಲ್ಲ. "ಹೋದವರನ್ನೆಲ್ಲ ವಾಪಸ್ ಕರ್ಕೊಂಡು ಬಾ, ಅಷ್ಟು ಸಾಕು" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಬಸ್ಸು ಅವರ ತಂಗಿಯ ಮಗ ಸೆಫುವಿನ ಕೈಗೆ ಬಂತು. ಸೆಫು ಕೆಟ್ಟವನಲ್ಲ. ದಾರ್ ಎಸ್ ಸಲಾಮ್‌ನಲ್ಲಿ ದೊಡ್ಡ ಬಸ್ ಕಂಪನಿಯೊಂದರಲ್ಲಿ ಎಂಟು ವರ್ಷ ದುಡಿದಿದ್ದ, ಮೂವತ್ತರ ಆಸುಪಾಸಿನ ಚುರುಕು ಆಳು. ಮೊದಲ ದಿನ ನಮ್ಮ ಬಸ್ಸಿನಲ್ಲಿ ಕುಳಿತು, ಜುಹುರಾ ಅಮ್ಮನಿಗಾಗಿ ಎಲ್ಲರೂ ಕಾಯುವುದನ್ನು ನೋಡಿ ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

"ಮಾವ, ಇದೇನು ಬಸ್ಸೋ, ಮದುವೆ ಚಪ್ಪರವೋ?"

"ಎರಡೂ ಆಗಿದೆ ಮಗಾ. ಇದರೊಳಗೇ ಮಾತುಕತೆ ಆಗಿ ಮೂರು ಮದುವೆ ಆಗಿವೆ" ಎಂದರು ಅಥುಮಾನಿ.

"ನಗಬೇಡಿ. ಹೊಸ ಬಸ್ಸು ತರ್ತೀನಿ. ಬೋರ್ಡ್ ಹಾಕಿಸ್ತೀನಿ. ಬೋರ್ಡಲ್ಲಿ ಏನಿರುತ್ತೋ ಆ ಹೊತ್ತಿಗೆ ಬಸ್ಸು ಅಲ್ಲಿರಬೇಕು. ಒಂದು ನಿಮಿಷ ಆ ಕಡೆ ಇಲ್ಲ, ಈ ಕಡೆ ಇಲ್ಲ. ಬೋರ್ಡ್ ಅಂದ್ರೆ ನಾವು ಜನಕ್ಕೆ ಕೊಟ್ಟ ಮಾತು."

"ಮಾತು ಕೊಟ್ಟರೆ ನಡೆಸಲೇಬೇಕು, ಅದು ಸರಿ" ಎಂದು ಅಥುಮಾನಿ ಒಪ್ಪಿಕೊಂಡರು. ಹೊಸ ಬಸ್ಸು ತರಲು ಇಬ್ಬರೂ ದಾರ್ ಎಸ್ ಸಲಾಮ್‌ಗೆ ಹೋದರು. ಬೋರ್ಡನ್ನು ಅಲ್ಲಿನ ಪೇಂಟರ್ ಒಬ್ಬನಿಂದ ಬರೆಸಿ, ಇವರಿಗಿಂತ ಒಂದು ವಾರ ಮೊದಲೇ ತರಕಾರಿ ಲಾರಿಯಲ್ಲಿ ಊರಿಗೆ ಕಳಿಸಿದ ಸೆಫು. ಊರಿನವರು ಅದನ್ನು ಬಸ್ ನಿಲ್ಲುವ ಹಲಸಿನ ಮರಕ್ಕೆ ಹೊಡೆದರು. ಹಳದಿ ಹಲಗೆ, ಕೆಂಪು ಅಕ್ಷರ: ಕ್ವೆಹಂಗಾ – ಟಾಂಗಾ, ಗಂಟೆ ೬.೩೦.

ಇಲ್ಲಿ ನಮ್ಮ ಗಂಟೆಯ ವಿಷಯ ಒಂದು ಮಾತು ಹೇಳಲೇಬೇಕು. ನಾವು ಗಂಟೆ ಎಣಿಸುವುದು ಸೂರ್ಯನ ಜೊತೆಗೆ. ಹೊತ್ತು ಮೂಡುವುದು ಹನ್ನೆರಡು ಗಂಟೆಗೆ. ಮೂಡಿ ಒಂದು ತಾಸಾದರೆ ಒಂದು ಗಂಟೆ, ನೆತ್ತಿಗೆ ಬಂದರೆ ಆರು, ಮುಳುಗಿದರೆ ಮತ್ತೆ ಹನ್ನೆರಡು. ಆಫೀಸಿನ ಗಡಿಯಾರದ ಮುಳ್ಳು ಏಳರ ಮೇಲೆ ನಿಂತಿದ್ದರೂ ನಾವು ಬಾಯಲ್ಲಿ ಹೇಳುವುದು ಒಂದು ಗಂಟೆ ಎಂದೇ. ಸೆಫು ಪೇಂಟರನಿಗೆ ಆಫೀಸಿನ ಲೆಕ್ಕದಲ್ಲಿ ಬರೆಸಿದ್ದ. ಅವನ ಮನಸ್ಸಿನಲ್ಲಿದ್ದದ್ದು ಸೂರ್ಯ ಮೂಡಿ ಅರ್ಧ ತಾಸು. ಊರಿನವರು ಊರಿನ ಲೆಕ್ಕದಲ್ಲಿ ಓದಿದರು: ಆರೂವರೆ ಎಂದರೆ ಸೂರ್ಯ ನೆತ್ತಿ ದಾಟಿ ಅರ್ಧ ತಾಸು. ನಡು ಮಧ್ಯಾಹ್ನ.

"ಇನ್ಮೇಲೆ ಬಸ್ಸು ಮಧ್ಯಾಹ್ನವಂತೆ" ಎಂದು ಊರೆಲ್ಲ ಸುದ್ದಿಯಾಯಿತು. ಯಾರಿಗೂ ಬೇಸರವಾಗಲಿಲ್ಲ. ಹೆಂಗಸರಿಗಂತೂ ಹಬ್ಬ. ದನಕ್ಕೆ ಮೇವು ಹಾಕಿ, ಅಡುಗೆ ಮಾಡಿಟ್ಟು, ಸಾವಕಾಶ ಹೋಗಬಹುದು.

ಹೊಸ ಬಸ್ಸಿನ ಮೊದಲ ದಿನವೇ ನಮ್ಮ ಚಿಕ್ಕಪ್ಪ ಬಕಾರಿಯ ಮಗಳು ಹಿದಾಯಾಳ ಮದುವೆ. ಹುಡುಗ ಟಾಂಗಾದವನು. ಅವನ ಅಜ್ಜಿಗೆ ಬೆಟ್ಟ ಹತ್ತಲಾಗದು ಎಂದು ಟಾಂಗಾದಲ್ಲಿದ್ದ ನಮ್ಮ ಸೋದರತ್ತೆಯ ಮನೆಯಲ್ಲೇ ಮದುವೆ ಇಟ್ಟುಕೊಂಡಿದ್ದೆವು. ಇಳಿಹೊತ್ತಿನ ನಮಾಜು ಮುಗಿದ ಮೇಲೆ ನಿಕಾಹ್. ಬಕಾರಿ ಚಿಕ್ಕಪ್ಪ ಎಷ್ಟೋ ದಿನ ಮೊದಲೇ ಅಥುಮಾನಿ ಅವರ ಅಂಗಳಕ್ಕೆ ಹೋಗಿ, "ಮಗಳನ್ನ ನಿನ್ನ ಬಸ್ಸಲ್ಲೇ ಕಳಿಸೋದು" ಎಂದು ಹೇಳಿ ಬಂದಿದ್ದರು. ಮಸಿಕಾ ಅಡುಗೆಗೆ ಕೈಜೋಡಿಸಲು ಎರಡು ದಿನ ಮುಂಚೆಯೇ ಲಾರಿಯಲ್ಲಿ ಟಾಂಗಾಕ್ಕೆ ಇಳಿದಿದ್ದರು.

ಬೋರ್ಡ್ ನೋಡಿ ಬಂದ ನಮ್ಮ ದೊಡ್ಡಮ್ಮ ಮಾತ್ರ ಒಮ್ಮೆ ಕೇಳಿದರು: "ಬಕಾರಿ, ಮಧ್ಯಾಹ್ನ ಹೊರಟರೆ ಇಳಿಹೊತ್ತಿಗೆ ಮುಟ್ತೀವಾ?"

"ಹೊಸ ಬಸ್ಸು ಅಕ್ಕ, ಹಕ್ಕಿ ಹಾಗೆ ಹೋಗುತ್ತೆ. ಒಂದಿಷ್ಟು ಹೆಚ್ಚುಕಡಿಮೆ ಆದ್ರೆ ಅವರೇನು ಬೇರೆ ಮದುಮಗಳನ್ನ ತರ್ತಾರಾ?"

ಸೆಫು ಮತ್ತು ಅಥುಮಾನಿ ಹೊಸ ಬಸ್ಸು ತಂದದ್ದು ಹಿಂದಿನ ಸಂಜೆ, ಮಂಜು ಕವಿದ ಮೇಲೆ. ಊರಿನವರು ಮನೆ ಸೇರಿದ್ದರು. ಮನೆಯಲ್ಲಿ ಹೆಂಡತಿಯೂ ಇರಲಿಲ್ಲವಾದ್ದರಿಂದ ಅಥುಮಾನಿ ಅವರಿಗೆ ಯಾವ ಸುದ್ದಿಯೂ ತಿಳಿಯಲಿಲ್ಲ. ಬೆಳಗಾಯಿತು. ಹಲಸಿನ ಮರದ ಕೆಳಗೆ ಹೊಸ ಬಸ್ಸು ಮದುಮಗನ ಹಾಗೆ ಮಿರಮಿರ ಮಿಂಚುತ್ತಾ ನಿಂತಿದೆ, ಹತ್ತಲು ಜನವೇ ಇಲ್ಲ. ಬಂದವರು ಇಬ್ಬರೇ: ಕಣಿವೆಯಾಚೆಯ ಬಿ ಮಶಾವು ಎಂಬ ಮುದುಕಿ ಮತ್ತು ಅವಳ ತಮ್ಮ. ಇಬ್ಬರಿಗೂ ಓದು ಬಾರದು, ಹಾಗಾಗಿ ಎಂದಿನಂತೆ ಬಂದಿದ್ದರು.

ಸೆಫು ಕೈಗಡಿಯಾರ ನೋಡಿದ. "ಹೊರಡಿ ಮಾವ."

"ಮದುಮಗಳು ಬಂದಿಲ್ಲ."

"ಯಾರ ಮದುಮಗಳು?"

"ಬಕಾರಿ ಮಗಳು. ನನಗೆ ಹೇಳಿದಾರೆ."

"ವಾರದಿಂದ ಬೋರ್ಡ್ ನೇತಾಡ್ತಿದೆ. ಬರೋರು ಬರ್ತಿದ್ರು. ಬೇರೆ ಲಾರಿ ಮಾಡ್ಕೊಂಡು ಹೋಗಿರಬೇಕು. ಟಾಂಗಾದಲ್ಲಿ ಹೊಸ ಬಸ್ಸು ನೋಡೋಕೆ ಅಂತ ನಾಲ್ಕು ಜನ ದೊಡ್ಡೋರನ್ನ ಕರೆದಿದೀನಿ. ಮೊದಲ ದಿನವೇ ಮರ್ಯಾದೆ ಕಳೀಬೇಡಿ."

ಅಥುಮಾನಿ ಇನ್ನೊಂದಿಷ್ಟು ಹೊತ್ತು ಕನ್ನಡಿಯಲ್ಲಿ ದಾರಿ ನೋಡಿದರು. ನಿಜವಾಗಿಯೂ ಹೋಗಿಬಿಟ್ಟಿರಬಹುದೇನೋ ಎಂದುಕೊಂಡು ಗಾಡಿ ಬಿಟ್ಟರು. ದಾರಿಯುದ್ದಕ್ಕೂ ಹಿಂದಿನ ಕನ್ನಡಿಯನ್ನೇ ನೋಡುತ್ತಿದ್ದರಂತೆ. ಹಿಂದಿನ ಸೀಟಿನಲ್ಲಿ ಬಿ ಮಶಾವು ಮಾತ್ರ, "ಇಷ್ಟು ದೊಡ್ಡ ಬಸ್ಸು ನಮ್ಮಿಬ್ಬರಿಗೇ ತಂದಿಯಲ್ಲೋ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಸೆಫುವನ್ನು ಹರಸುತ್ತಲೇ ಇದ್ದಳು. ಅವನು ಹಲ್ಲು ಕಚ್ಚಿ ಕುಳಿತಿದ್ದ.

ಲುಶೊಟೊ ಪೇಟೆಯಲ್ಲಿ ಚಹಾಕ್ಕೆ ನಿಂತರು. ಹಿಂದೆಯೇ ನಮ್ಮೂರ ಕಡೆಯಿಂದ ಪೇರು ಹಣ್ಣು ತುಂಬಿಕೊಂಡು ಬಂದ ಲಾರಿಯ ಡ್ರೈವರ್ ಇಳಿದ. ಅಥುಮಾನಿ ಅವನನ್ನು ಕೇಳಿದರು: "ಬಕಾರಿ ಮನೆ ಮುಂದೆ ಹಾದು ಬಂದ್ಯಾ? ಅವರು ಹೊರಟು ಹೋದರಾ?"

"ಎಲ್ಲಿ ಹೊರಡೋದು? ಹಾಡು ಕೇಳ್ತಾ ಇತ್ತು. ಹುಡುಗಿ ಕಾಲಿಗೆ ಇನ್ನೂ ಮೆಹಂದಿ ಹಾಕ್ತಾ ಕೂತಿದಾರೆ. ಬಸ್ಸು ಆರೂವರೆಗಲ್ವಾ, ಇನ್ನೂ ಬೇಕಾದಷ್ಟು ಹೊತ್ತಿದೆ ಅಂದ್ರು."

ಅಥುಮಾನಿ ಕೈಯ ಲೋಟ ಹಾಗೇ ನಿಂತಿತು. ಆಮೇಲೆ ನಗು ಶುರುವಾಯಿತು. ಚಹಾ ಚೆಲ್ಲಿ, ಟೋಪಿ ಬಿದ್ದು, ಬೆಂಚು ಹಿಡಿದುಕೊಂಡು ನಕ್ಕರು. ಸೆಫುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಹುಳಿ ಮಾವಿನಕಾಯಿ ಕಚ್ಚಿದವನ ಹಾಗಾಯಿತು.

"ಆ ಪೇಂಟರ್‌ಗೆ 'ಬೆಳಗ್ಗೆ' ಅಂತ ಬರೀ ಅಂದಿದ್ದೆ ನಾನು!"

"ಅಂದಿರ್ತೀಯ. ಬೋರ್ಡಲ್ಲಿ ಇಲ್ಲ. ಹತ್ತು, ವಾಪಸ್ ಹೋಗೋಣ."

"ವಾಪಸ್ಸಾ? ಮಾವ, ಟಾಂಗಾದಲ್ಲಿ ಜನ ಕಾಯ್ತಿರ್ತಾರೆ."

ಆಗ ಅಥುಮಾನಿ ನಗು ನಿಲ್ಲಿಸಿ, ಟೋಪಿ ಎತ್ತಿಕೊಂಡು, ಧೂಳು ಕೊಡವಿ ಹೇಳಿದರು: "ನೋಡು ಮಗಾ. ಬೋರ್ಡ್ ಅಂದ್ರೆ ಕೊಟ್ಟ ಮಾತು ಅಂದಿದ್ದು ನೀನು. ಬೋರ್ಡಲ್ಲಿರೋ ಹೊತ್ತಿಗೆ ಬಸ್ಸು ಅಲ್ಲಿರಬೇಕು, ಒಂದು ನಿಮಿಷ ಆ ಕಡೆ ಇಲ್ಲ ಈ ಕಡೆ ಇಲ್ಲ ಅಂದಿದ್ದೂ ನೀನು. ಆರೂವರೆಗೆ ಊರಿಗೆ ಊರೇ ಮರದ ಕೆಳಗೆ ನಿಂತಿರುತ್ತೆ. ನಿನ್ನ ಮಾತು ನಡೀಬೇಕೋ ಬೇಡವೋ?"

ಸೆಫು ಕೈಗಡಿಯಾರ ನೋಡಿದ, ಟಾಂಗಾದ ದಾರಿ ನೋಡಿದ. ತನ್ನ ಮಾತೇ ತನ್ನ ಕೊರಳಿಗೆ ಬಿದ್ದಿತ್ತು. ಕೊನೆಗೆ ಬಸ್ಸು ಹತ್ತಿದ. ಬಿ ಮಶಾವು ಮತ್ತು ಅವಳ ತಮ್ಮನನ್ನು ಬೇರೆ ಬಸ್ಸಿಗೆ ಹತ್ತಿಸುತ್ತೇನೆಂದರೆ ಅವರು ಇಳಿಯಲು ಒಪ್ಪಲಿಲ್ಲ. "ನಮಗೇನು ಅವಸರ? ಒಂದು ಸಲ ಹತ್ತಿದ್ದಕ್ಕೆ ಎರಡು ಸಲ ಬೆಟ್ಟ ಇಳಿಯೋದು ಸಿಗ್ತಿದೆ. ಮದುವೆ ದಿಬ್ಬಣವನ್ನೂ ನೋಡಿದ ಹಾಗಾಯ್ತು" ಎಂದಳು ಮುದುಕಿ.

ಮೆಲ್ಲಗೆ ಓಡಿಸುವುದರಲ್ಲಿ ಹೆಸರಾದ ಅಥುಮಾನಿ ಅಂದು ಬೆಟ್ಟ ಹತ್ತಿಸಿದ ರೀತಿಯನ್ನು ದಾರಿಬದಿಯ ಹಳ್ಳಿಯವರು ಬಹಳ ಕಾಲ ಆಡಿಕೊಂಡರು. ಕೆಂಪು ಧೂಳಿನ ಮೋಡವೊಂದು ತಿರುವಿನಿಂದ ತಿರುವಿಗೆ ಹಾರುತ್ತಿತ್ತಂತೆ. ದಾರಿಯಲ್ಲಿ ಕೈಯೆತ್ತಿ ನಮಸ್ಕರಿಸಿದವರಿಗೆ ಪ್ರತಿಯಾಗಿ ನಮಸ್ಕಾರವೂ ಸಿಗಲಿಲ್ಲ, ಹಾರ್ನ್ ಮಾತ್ರ ಸಿಕ್ಕಿತು.

ಇತ್ತ ಮರದ ಕೆಳಗೆ ನಾವೆಲ್ಲ ನೆರೆದಿದ್ದೆವು. ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಹಿದಾಯಾ ಹೊಸ ಕಾಂಗಾ ಬಟ್ಟೆ ಹೊದ್ದು, ಮೆಹಂದಿ ಒಣಗದ ಪಾದಗಳನ್ನು ಚಾಪೆಯ ಮೇಲೆ ಚಾಚಿ ಕುಳಿತಿದ್ದಳು. ದಿಬ್ಬಣದವರು, ಸಂತೆಗೆ ಹೋಗುವವರು, ಸುಮ್ಮನೆ ಬಸ್ಸು ನೋಡಲು ಬಂದವರು. ಜುಹುರಾ ಅಮ್ಮನೂ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳೆಂದರೆ ಯೋಚಿಸಿ. ಗಡಿಯಾರಕ್ಕೆ ಸರಿಯಾಗಿ ನಮ್ಮೂರು ಒಂದೆಡೆ ಸೇರಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಮಾಮನ ಕೈಯಲ್ಲಿ ಗಡಿಯಾರವಿತ್ತು. ಎಲ್ಲರೂ ಅವನ ಮಣಿಕಟ್ಟನ್ನೇ ನೋಡುತ್ತಿದ್ದರು. ಇನ್ನೇನು ಮುಳ್ಳು ಅರ್ಧಕ್ಕೆ ಬರಬೇಕು, ಕೆಳಗಿನ ತಿರುವಿನಲ್ಲಿ ಹಾರ್ನ್ ಕೇಳಿತು. ನೀಲಿ ಬಸ್ಸು ಧೂಳು ಮೆತ್ತಿಕೊಂಡು ಬಂದು ಮರದ ಬುಡದಲ್ಲಿ ಗಕ್ಕನೆ ನಿಂತಿತು.

"ಆರೂವರೆ! ಸರಿಯಾಗಿ ಆರೂವರೆ!" ಎಂದು ಕಾಂಪೌಂಡರ್ ಮಾಮ ಕೈ ಎತ್ತಿ ಕೂಗಿದ. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಕಣಿವೆಯೆಲ್ಲ ಮಾರ್ದನಿಗೊಂಡಿತು.

ಸೆಫು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ದೊಡ್ಡಮ್ಮ ಅವನ ಎರಡೂ ಕೈ ಹಿಡಿದುಕೊಂಡರು. "ಏನು ಮಗಾ ನೀನು! ಬೋರ್ಡಲ್ಲಿ ಹಾಕಿದ್ದೇ ಹಾಕಿದ್ದು, ಅದೇ ಹೊತ್ತಿಗೆ ತಂದು ನಿಲ್ಲಿಸಿದ್ಯಲ್ಲ. ನಿಮ್ಮ ದೊಡ್ಡಮ್ಮ ಕಿದಾವಾ ಇದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ಲೋ."

"ಪಟ್ಟಣದ ಶಿಸ್ತು ಅಂದ್ರೆ ಇದು" ಎಂದರು ಬಕಾರಿ ಚಿಕ್ಕಪ್ಪ.

ಸೆಫು ಏನೋ ಹೇಳಹೋದ. ಅಥುಮಾನಿ ಕಡೆ ನೋಡಿದ. ಅಥುಮಾನಿ ಸ್ಟೀರಿಂಗ್ ಮೇಲೆ ಮುಖ ಇಟ್ಟುಕೊಂಡಿದ್ದರು; ಭುಜ ಕುಲುಕುತ್ತಿತ್ತು. ಬೆಳಗ್ಗೆಯಿಂದ ತುಟಿ ಬಿಗಿದುಕೊಂಡಿದ್ದ ಸೆಫು ಆಗ ನಕ್ಕುಬಿಟ್ಟ. "ಶಿಕಮೂ ಅಮ್ಮ" ಎಂದು, ಕಿರಿಯರು ಹಿರಿಯರಿಗೆ ಹೇಳುವ ಹಾಗೆ, ದೊಡ್ಡಮ್ಮನಿಗೆ ಬಾಗಿ ನಮಸ್ಕರಿಸಿದ. "ಮರಹಬಾ ಮಗಾ, ಮರಹಬಾ" ಎಂದು ಅವರು ತಲೆ ಸವರಿದರು.

ಇಳಿಯುವ ದಾರಿಯುದ್ದಕ್ಕೂ ಹಾಡು. ಮಂಜಿನ ತಿರುವುಗಳಲ್ಲಿ ನಿಧಾನ, ದನದ ಹಿಂಡು ಅಡ್ಡ ಬಂದಾಗ ನಿಲುಗಡೆ, ಹಿದಾಯಾಳ ಹೊಟ್ಟೆ ತೊಳೆಸಿದಾಗ ಇನ್ನೊಂದು ನಿಲುಗಡೆ. ಅಥುಮಾನಿ ತಮ್ಮ ಹಳೆಯ ವೇಗಕ್ಕೆ ಮರಳಿದ್ದರು. ಮದುಮಗಳನ್ನು ಕೂರಿಸಿಕೊಂಡು ಯಾರಾದರೂ ಓಡಿಸುತ್ತಾರೆಯೇ! ಬಯಲಿಗೆ ಬಂದು ಟಾಂಗಾ ಮುಟ್ಟುವಾಗ ಸೂರ್ಯ ಮುಳುಗಿ ಮಸೀದಿಗಳಿಂದ ಕರೆ ಕೇಳುತ್ತಿತ್ತು. ಇಳಿಹೊತ್ತಿನ ನಿಕಾಹ್ ಎಂದದ್ದು ಎಲ್ಲೋ ಹೋಗಿತ್ತು. ಕಿಟಕಿಯ ಪಕ್ಕದಲ್ಲಿದ್ದ ಸೆಫು ಮತ್ತೆ ಚಡಪಡಿಸತೊಡಗಿದ. ಅವನು ಕರೆದಿದ್ದ ದೊಡ್ಡ ಮನುಷ್ಯರು ಬಸ್ ನಿಲ್ದಾಣದಲ್ಲಿ ಇರಲಿಲ್ಲ.

ಸೋದರತ್ತೆಯ ಮನೆಯ ಅಂಗಳದಲ್ಲಿ ಚಾಪೆ ಹಾಸಿತ್ತು. ಗಂಡಿನ ಕಡೆಯವರು ಕಾಫಿ ಕುಡಿಯುತ್ತಾ, ಎಲೆಯಾಟ ಆಡುತ್ತಾ ಕುಳಿತಿದ್ದರು. ನಿಕಾಹ್ ಓದಿಸಬೇಕಾದ ಹಿರಿಯರು ಒಂದು ನಿದ್ದೆ ಮಾಡಿ ಎದ್ದು ಎರಡನೆಯ ಸಲ ಬಂದಿದ್ದರು. ಸೆಫು ಕರೆದಿದ್ದ ನಾಲ್ವರೂ ಅಲ್ಲೇ ಇದ್ದರು! ನಿಲ್ದಾಣದಲ್ಲಿ ಕಾದು ನೋಡಿ, ಬಸ್ಸಿನಲ್ಲಿ ದಿಬ್ಬಣ ಬರುತ್ತಿದೆಯೆಂದು ಯಾರಿಂದಲೋ ಕೇಳಿ, ದಿಬ್ಬಣ ಬರುವಲ್ಲಿಗೇ ಬಸ್ಸೂ ಬರುತ್ತದಲ್ಲ ಎಂದು ಇಲ್ಲಿಗೇ ಬಂದು ತೆಂಗಿನ ಹಾಲಿನ ಅನ್ನ ಉಣ್ಣುತ್ತಿದ್ದರು.

ಸೆಫು ಮದುಮಗನ ಅಜ್ಜಿಯ ಮುಂದೆ ಹೋಗಿ ನಿಂತ. "ಅಜ್ಜಿ, ಶಿಕಮೂ. ತಪ್ಪು ನನ್ನದು. ಬೋರ್ಡಲ್ಲಿ..."

"ಮರಹಬಾ. ಯಾರ ಮಗ ನೀನು?"

"ಬಿ ಕಿದಾವಾ ಅವರ ತಂಗಿ ಮಗ. ಬಸ್ಸು ನನ್ನದು. ತಡ ಯಾಕಾಯ್ತು ಅಂದ್ರೆ..."

"ಊಟ ಆಯ್ತಾ?"

"ಇಲ್ಲ ಅಜ್ಜಿ, ಬೆಳಗ್ಗೆಯಿಂದ..."

"ಬೆಳಗ್ಗೆಯಿಂದ ಊಟ ಮಾಡಿಲ್ವಾ! ಏ ಯಾರ್ರೇ ಅಲ್ಲಿ, ಈ ಹುಡುಗನಿಗೆ ತಟ್ಟೆ ತನ್ನಿ. ಕೂತ್ಕೋ. ಕಾರಣ ಆಮೇಲೆ ಹೇಳುವಿಯಂತೆ."

ಆ ಕಾರಣವನ್ನು ಅವಳು ಆಮೇಲೆಯೂ ಕೇಳಲಿಲ್ಲ. ಸೆಫು ಮೂರು ಸಲ ಬಡಿಸಿಕೊಂಡು ಉಂಡ.

ಅಡುಗೆಯ ಕಡೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಮಸಿಕಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಮದುವೆಗೆ ಎರಡು ದಿನ. ಈ ಹುಡುಗಿ ಮದುವೆಗೆ ಬರೀ ಎರಡು ತಾಸು. ಪರವಾಗಿಲ್ಲ, ವಯಸ್ಸಾಗ್ತಾ ಸುಧಾರಿಸ್ತಿದೀರಿ" ಎಂದರು. ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಥುಮಾನಿ.

ಮರುದಿನ ಹಿಂದಿರುಗುವಾಗ ಸೆಫು ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತ. ಬೆಟ್ಟದ ದಾರಿ ಹಿಡಿದ ಮೇಲೆ ಹೇಳಿದ: "ಮಾವ, ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆ ಆಗಿಲ್ಲ. ಟಾಂಗಾದಲ್ಲಿ ಆಸ್ಪತ್ರೆಗೆ ಅಂತ ಬರೋರು ಇರ್ತಾರೆ, ಬೆಟ್ಟದ ಬುಡದ ಮೊಂಬೊದಲ್ಲಿ ದೊಡ್ಡ ಬಸ್ಸು ಹಿಡಿಯೋರು ಇರ್ತಾರೆ. ಜುಹುರಾ ಅಮ್ಮನ ಕೋಳಿಗಾಗಿ ಅವರ ಕೆಲಸ ಕೆಡಬಾರದು."

ಅಥುಮಾನಿ ಒಂದು ತಿರುವು ದಾಟಿಸಿ ಉತ್ತರ ಕೊಟ್ಟರು. "ಅದೂ ನಿಜ. ಅಷ್ಟು ದೂರ ನಾನು ಯೋಚಿಸಿರಲಿಲ್ಲ."

"ಹಾಗಾದ್ರೆ ಲುಶೊಟೊದಿಂದ ಕೆಳಗೆ ನನ್ನ ಗಡಿಯಾರ. ಮೇಲೆ ನಿಮ್ಮದು."

"ಆಗಲಿ. ಮೇಲೆ ಹೆಚ್ಚು ಹೊತ್ತು ಬೇಕಾದ್ರೆ ಮೊದಲೇ ಎದ್ದು ಬರ್ತೀನಿ."

ಹಾಗೆಯೇ ನಡೆಯಿತು. ಅಥುಮಾನಿ ನಸುಕಿನ ನಮಾಜಿಗೆ ಮುಂಚೆಯೇ ಎದ್ದು, ಹಿಂದಿನ ಸಂಜೆ ಹೇಳಿ ಹೋದವರ ಮನೆಗಳ ಮುಂದೆ ಹಾದುಹೋಗುತ್ತಾ, "ಜುಹುರಾ ಅಮ್ಮ, ಕೋಳಿ ಹಿಡಿ" ಎಂದು ಕೂಗಿ ಎಬ್ಬಿಸತೊಡಗಿದರು. ಹೆಂಗಸರು ಒಳಗಿಂದಲೇ ಬೈದರೂ ಎದ್ದರು. ಹೆಚ್ಚು ದಿನ ಬಸ್ಸು ಲುಶೊಟೊಗೆ ಸರಿಯಾದ ಹೊತ್ತಿಗೆ ಮುಟ್ಟುತ್ತಿತ್ತು. ಮುಟ್ಟದ ದಿನ, ಈಗ ಅಲ್ಲೇ ಬಸ್ಸು ಹತ್ತುತ್ತಿದ್ದ ಸೆಫು ಅಂಗಡಿ ಮುಂದೆ ಅತ್ತಿತ್ತ ನಡೆಯುತ್ತಿರುತ್ತಿದ್ದ. ಅಥುಮಾನಿ ಕಿಟಕಿಯಿಂದಲೇ, "ಇಂಥವರ ಮನೆಯಲ್ಲಿ ಸಾವಾಗಿತ್ತು ಮಗಾ" ಎನ್ನುತ್ತಿದ್ದರು, ಅವನು ತಲೆಯಾಡಿಸಿ ಹತ್ತುತ್ತಿದ್ದ. ಜನರಿಗೂ ಎರಡು ಲೆಕ್ಕ ರೂಢಿಯಾಯಿತು. ಸೆಫು ಮುಂದೆ ಇನ್ನೆರಡು ಬಸ್ಸು ಮಾಡಿದ. ಹಿದಾಯಾಳ ಗಂಡನ ಸೋದರಿಯನ್ನೇ ಮದುವೆಯಾದ. ಆ ಅಂಗಳದಲ್ಲಿ ಅವನಿಗೆ ತಟ್ಟೆ ತಂದುಕೊಟ್ಟವಳು ಅವಳೇ ಎಂದು ಕೆಲವರು ಹೇಳುತ್ತಾರೆ, ಅವನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ.

ಅಥುಮಾನಿ ಈಗ ಗಾಡಿ ಬಿಟ್ಟಿದ್ದಾರೆ. ಮೊಣಕಾಲು ನೋವು. ಮನೆಯ ಹಿಂದೆ ಪೇರು ಗಿಡ ಹಾಕಿದ್ದಾರೆ. ಬೆಳಗ್ಗೆ ಮಸಿಕಾ ರಸ್ತೆ ಬದಿಯಲ್ಲಿ ಒಲೆ ಹೂಡಿ ಅಕ್ಕಿಹಿಟ್ಟಿನ ಗುಳಿಯಪ್ಪ ಸುಡುವಾಗ ಪಕ್ಕದ ಬೆಂಚಿನ ಮೇಲೆ ಕುಳಿತು ಹೋಗಿಬರುವವರ ಯೋಗಕ್ಷೇಮ ಕೇಳುವುದು ಅವರ ಉದ್ಯೋಗ. ಹೋದ ವಾರ ನಾನು ಊರಿಗೆ ಹೋದಾಗ ಅಲ್ಲೇ ಸಿಕ್ಕರು. ನಮ್ಮ ಮಾತು ಇನ್ನೂ ಮಕ್ಕಳ ತನಕ ಬಂದಿತ್ತು, ಮನೆಯ ದನದ ತನಕ ಬಂದಿರಲಿಲ್ಲ. ಅಷ್ಟರಲ್ಲಿ ಊರಿಗೆ ಹೊಸದಾಗಿ ಬಂದ ನರ್ಸ್ ಒಬ್ಬಳು, ಬಿಳಿ ಉಡುಪಿನ ಹುಡುಗಿ, ಬಸ್ಸು ತಪ್ಪುತ್ತದೆಂದು ಏದುಸಿರು ಬಿಡುತ್ತಾ ಓಡಿ ಬಂದಳು. ಹಿರಿಯರನ್ನು ಕಂಡು, ಹಾಗೇ ದಾಟಿ ಹೋಗಲಾರದೆ, ನಿಂತು ನಮಸ್ಕರಿಸಲು ಬಾಗಿದಳು.

"ಓಡು ಮಗಾ, ಓಡು! ಶಿಕಮೂ ಸಂಜೆಗೆ ಇಟ್ಕೋ, ಬರೋವಾಗ ಕೊಡುವಿಯಂತೆ" ಎಂದರು ಅಥುಮಾನಿ.

ಅವಳು ನಗುತ್ತಾ ಓಡಿದಳು. ಮಸಿ ಹಿಡಿದ ಕಾವಲಿಯಿಂದ ಮಸಿಕಾ ಬಿಸಿ ಗುಳಿಯಪ್ಪ ಎರಡನ್ನು ನನ್ನ ಅಂಗೈಗೆ ಹಾಕಿದರು. ಅಥುಮಾನಿ ನನ್ನ ಕಡೆ ತಿರುಗಿ, "ಹೂಂ, ಎಲ್ಲಿದ್ವಿ? ನಿಮ್ಮ ಕಂದು ಹಸು ಹೇಗಿದೆ?" ಎಂದು ಕೇಳಿದರು.